'ಅಂಡ್ ಜಸ್ಟಿಸ್ ಫಾರ್ ಆಲ್' ಮರುಬಿಡುಗಡೆ: ಜೇಸನ್‌ನ ಬೇಸ್ ಈಗಲೂ ಕೇಳಿಸೋದಿಲ್ಲ, ನೀವೇನಂತೀರಿ?

ನಾಲ್ಕು ತಂತಿ

20 ವರ್ಷದಿಂದ ಬೇಸ್ (ಕೆಳಸ್ವರದ ನಾಲ್ಕು ತಂತಿಯ ಗಿಟಾರ್) ನುಡಿಸುತ್ತಿದ್ದೇನೆ. ಕಲಿಯುವ ದಿನಗಳಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಮೊದಲ ಮೂರು ಆಲ್ಬಮ್‌ಗಳನ್ನು ಹಾಕಿಕೊಂಡು ಜೊತೆಗೆ ನುಡಿಸುತ್ತಿದ್ದೆ. ಆಗಿನ ಬೇಸ್ ವಾದಕ ಕ್ಲಿಫ್ ಬರ್ಟನ್ ಏನು ಮಾಡುತ್ತಿದ್ದಾನೆ ಅಂತ ಕಿವಿಯಲ್ಲೇ ಹಿಡಿಯಬಹುದಿತ್ತು. ನಾಲ್ಕನೆಯದಾದ 1988ರ 'ಅಂಡ್ ಜಸ್ಟಿಸ್ ಫಾರ್ ಆಲ್'ಗೆ ಬಂದಾಗ ನಿಂತುಬಿಟ್ಟೆ. ಅದರಲ್ಲಿ ಬೇಸ್ ಕ್ಲಿಫ್ ನಂತರ ಬಂದ ಜೇಸನ್ ನ್ಯೂಸ್ಟೆಡ್‌ನದು. 'ಬ್ಲ್ಯಾಕನ್ಡ್' ಹಾಡನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ಕೇಳಿದರೂ ಬೇಸ್ ಸಿಗಲಿಲ್ಲ. ನನ್ನ ಟೇಪ್ ರೆಕಾರ್ಡರ್ ಕೆಟ್ಟಿದೆ ಅಂದುಕೊಂಡಿದ್ದೆ. ಆಮೇಲೆ ಬೇರೆಯವರ ಹತ್ತಿರ ಕೇಳಿದೆ, ಅಲ್ಲೂ ಅಷ್ಟೇ.

2018ರ ನವೆಂಬರ್‌ನಲ್ಲಿ ಈ ಆಲ್ಬಮ್‌ನ ರೀಮಾಸ್ಟರ್ ಬಂತು. 30 ವರ್ಷ ಆಗಿತ್ತಲ್ವಾ, ಈ ಸಲವಾದರೂ ಸರಿ ಮಾಡುತ್ತಾರೆ ಅಂತ ಕಾದಿದ್ದೆ. ಮಾಡಲಿಲ್ಲ. ಆ ಮರುಬಿಡುಗಡೆಯ ದೊಡ್ಡ ಪೆಟ್ಟಿಗೆಯನ್ನು ಮೊನ್ನೆಯಷ್ಟೇ ಕೊಂಡೆ. 6 ಎಲ್‌ಪಿ (ಗ್ರಾಮಫೋನ್ ತಟ್ಟೆ), 11 ಸಿಡಿ, 4 ಡಿವಿಡಿ, ಜೊತೆಗೆ 120 ಪುಟದ ಪುಸ್ತಕ. ರಿಫ್‌ಗಳ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಟೇಪು, ಡೆಮೊ, ಕಚ್ಚಾ ಮಿಕ್ಸ್, ಲೈವ್ ಶೋ, ಎಲ್ಲ ಇದೆ. ಇಷ್ಟೆಲ್ಲ ಹುಡುಕಿ ತೆಗೆದವರಿಗೆ ಬೇಸ್ ಕೇಳಿಸುವ ಹಾಗೆ ಒಂದು ಸಿಡಿ ಮಾಡೋಕೆ ಆಗಲಿಲ್ಲವಾ?

ನನ್ನ ಮಾತು ಇಷ್ಟೇ. ಹಳೆಯದನ್ನು ಅಳಿಸಿ ಅಂತ ನಾನು ಹೇಳುತ್ತಿಲ್ಲ. ಅದು ಹಾಗೇ ಇರಲಿ. ಪಕ್ಕದಲ್ಲಿ ಇನ್ನೊಂದು ಮಿಕ್ಸ್ ಬೇಕಿತ್ತು. ನುಡಿಸಿದವನ ಕೆಲಸ ಒಮ್ಮೆಯಾದರೂ ಜನರ ಕಿವಿಗೆ ಬೀಳಬೇಕು.

ಮಿಕ್ಸಿಂಗ್ ಮೇಜು

ಒಂದು ವಿಷಯ ಮೊದಲು ಬಿಡಿಸಿ ಹೇಳುತ್ತೇನೆ. ಇದು ಗೊತ್ತಿಲ್ಲದೆ ಅರ್ಧ ಜನ ರೀಮಾಸ್ಟರ್ ಮೇಲೆ ಸಿಟ್ಟಾಗುತ್ತಾರೆ.

ರೀಮಾಸ್ಟರ್ ಅಂದರೆ ಬೆರೆಸಿ ಮುಗಿಸಿದ ಸ್ಟೀರಿಯೋ ಟೇಪಿನ ಮೇಲೆ ಮಾಡುವ ಕೆಲಸ. ಅಲ್ಲಿ ಗಿಟಾರ್, ಡ್ರಮ್, ಬೇಸ್ ಅಂತ ಬೇರೆ ಬೇರೆ ಇರುವುದಿಲ್ಲ. ಎಲ್ಲ ಒಂದೇ ಆಗಿರುತ್ತದೆ. ಒಂದು ಗುಂಪು ಫೋಟೋ ಇದೆ ಅಂದುಕೊಳ್ಳಿ. ಬೆಳಕು ಜಾಸ್ತಿ ಮಾಡಬಹುದು, ಬಣ್ಣ ತಿದ್ದಬಹುದು, ಕಲೆ ಒರೆಸಬಹುದು. ಹಿಂದಿನ ಸಾಲಿನಲ್ಲಿ ಮರೆಯಾಗಿ ನಿಂತವನನ್ನು ಮುಂದಕ್ಕೆ ಕರೆಯೋಕೆ ಆಗಲ್ಲ. ಅದಕ್ಕೆ ಮತ್ತೆ ಫೋಟೋ ತೆಗೆಯಬೇಕು. ಅದೇ ರೀಮಿಕ್ಸ್. ಮೂಲ ಮಲ್ಟಿಟ್ರ್ಯಾಕ್ ಟೇಪು ತೆಗೆದು, ಒಂದೊಂದು ವಾದ್ಯದ ಮಟ್ಟವನ್ನೂ ಹೊಸದಾಗಿ ಕೂರಿಸಬೇಕು.

ರೀಮಾಸ್ಟರ್‌ನಲ್ಲಿ ಕೆಳಗಿನ ಧ್ವನಿಯನ್ನು ಎತ್ತಿದರೆ ಬೇಸ್ ಜೊತೆ ಕಾಲಿನಿಂದ ಬಡಿಯುವ ಕಿಕ್ ಡ್ರಮ್ಮೂ, ಗಿಟಾರಿನ ತಳವೂ ಮೇಲೆ ಬರುತ್ತವೆ. ಈ ಆಲ್ಬಮ್‌ನಲ್ಲಿ ಅದೇ ದೊಡ್ಡ ತೊಂದರೆ. ಬ್ಯಾಂಡಿನ ಗಾಯಕ ಜೇಮ್ಸ್ ಹೆಟ್‌ಫೀಲ್ಡ್‌ನ ರಿದಮ್ ಗಿಟಾರಿನ ನಡುವಿನ ಧ್ವನಿಯನ್ನು ತೆಗೆದು ತಳವನ್ನೂ (ಕೆಳಸ್ವರ) ತುದಿಯನ್ನೂ (ಮೇಲ್ಸ್ವರ) ಎತ್ತಿದ್ದಾರೆ. ಬೇಸ್‌ನ ಕೆಳಗಿನ ತಂತಿ 41 ಹರ್ಟ್ಸ್, ಗಿಟಾರಿನದು 82. ಬೇಸ್‌ನ ಗುರುತು ಸಿಗುವುದು 41ರಲ್ಲಿ ಅಲ್ಲ, ಅದರ ಮೇಲಿನ ಸ್ವರಾಂಶಗಳಲ್ಲಿ. ಆ ಜಾಗದಲ್ಲಿ ಗಿಟಾರ್ ಕೂತುಬಿಟ್ಟಿದೆ. ಅದಕ್ಕಿಂತ ಕೆಟ್ಟದ್ದು, ಜೇಸನ್ ನ್ಯೂಸ್ಟೆಡ್ ಬಹಳ ಕಡೆ ಗಿಟಾರಿನ ರಿಫ್ಫನ್ನೇ ಸ್ವರಕ್ಕೆ ಸ್ವರ ನುಡಿಸಿದ್ದಾನೆ. ಒಂದೇ ಲಯ, ಒಂದೇ ಸ್ವರ. ಮಟ್ಟ ಇಳಿಸಿದ ಕೂಡಲೇ ಕರಗಿಹೋಗುತ್ತದೆ.

ಆದ್ದರಿಂದ 2018ರ ಮಾಸ್ಟರಿಂಗ್ ಎಂಜಿನಿಯರ್ ಅನ್ನು ಬೈಯಬೇಡಿ. ಅವರ ಕೈಗೆ ಬಂದ ಟೇಪಿನಲ್ಲೇ ಬೇಸ್ ಕೇಳಿಸುವ ಹಾಗಿರಲಿಲ್ಲ.

88ರ ಕಿವಿ

ಈ ಆಲ್ಬಮ್ ಬಂದ ವರ್ಷವೇ ಕೇಳಿದವನು ನಾನು. 'ಬೇಸ್ ಇಲ್ಲ' ಅನ್ನೋದು ಆಗ ನನಗೆ ಹೊಳೆಯಲೇ ಇಲ್ಲ. 'ಇದು ಒಣಗಿದೆ, ತಣ್ಣಗಿದೆ, ಹೆದರಿಕೆ ಆಗುತ್ತದೆ' ಅನ್ನಿಸಿತ್ತು ಅಷ್ಟೇ.

ಹಾಡುಗಳು ಏನು ಹೇಳುತ್ತವೆ ನೋಡಿ. ಹಾಳಾದ ಭೂಮಿ, ಮಾರಾಟವಾದ ನ್ಯಾಯ, ಕೈಕಾಲು ಕಳೆದುಕೊಂಡು ಹಾಸಿಗೆಯಲ್ಲಿ ಬಿದ್ದು ಸಾವು ಬೇಡುವ ಸೈನಿಕ. ಇದಕ್ಕೆ ಬೆಚ್ಚಗಿನ, ತುಂಬಿದ ಧ್ವನಿ ಹೊಂದುತ್ತದಾ? 'ಒನ್' ಹಾಡಿನ ಕೊನೆಯ ಭಾಗದಲ್ಲಿ ಕಿಕ್ ಡ್ರಮ್ ಮಷಿನ್ ಗನ್ನಿನ ಹಾಗೆ ಬಡಿಯುತ್ತದೆ. ಸುತ್ತ ಏನೂ ಇಲ್ಲ. ಆ ಖಾಲಿತನದಿಂದಲೇ ಮೈ ಜುಮ್ಮೆನ್ನುತ್ತದೆ. ಅಲ್ಲಿ ಬೇಸ್ ತುಂಬಿದರೆ ಅದು ಇನ್ನೊಂದು ಒಳ್ಳೆಯ ಮೆಟಲ್ ಹಾಡು ಆಗುತ್ತದೆ, 'ಒನ್' ಆಗಿ ಉಳಿಯಲ್ಲ.

ಇನ್ನೊಂದು ಮಾತು. ಕ್ಲಿಫ್ ತೀರಿಕೊಂಡದ್ದು 1986ರ ಸೆಪ್ಟೆಂಬರ್ 27ಕ್ಕೆ, ಸ್ವೀಡನ್‌ನಲ್ಲಿ ಬಸ್ ಮಗುಚಿ. ಅವನಿಗೆ ಆಗ 24 ವರ್ಷ. ಮುಂದಿನ ಪೂರ್ಣ ಆಲ್ಬಮ್ ಇದೇ. ಬೇಸ್ ಇರಬೇಕಾದ ಜಾಗ ಖಾಲಿ. ಬೇಕಂತಲೇ ಮಾಡಿದ್ದಲ್ಲದೆ ಇರಬಹುದು. ಆದರೆ 'ಟು ಲಿವ್ ಈಸ್ ಟು ಡೈ' ಕೇಳುವಾಗ, ಕ್ಲಿಫ್ ಬಿಟ್ಟುಹೋದ ರಿಫ್‌ಗಳಿಂದ ಕಟ್ಟಿದ ಆ ಹಾಡು ಕೇಳುವಾಗ, ಆ ಖಾಲಿ ಜಾಗ ನನಗೆ ದುಃಖದ ಹಾಗೇ ಕೇಳಿಸುತ್ತದೆ. ಅದನ್ನು ಯಾರೂ ತುಂಬೋದು ಬೇಡ.

ನಾಲ್ಕು ತಂತಿ

ಸರ್, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕ್ಲಿಫ್ ಬಗ್ಗೆ ನೀವು ಹೇಳಿದ್ದು ನನಗೂ ಹಾಗೇ ಅನ್ನಿಸಿದೆ.

ಆದರೆ ಆ ಖಾಲಿ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಅದು ನನ್ನನ್ನು ಕಾಡುತ್ತದೆ. ಜೇಸನ್ ತಾನೇ ಸಂದರ್ಶನಗಳಲ್ಲಿ ಹೇಳಿದ್ದಾನೆ: ಬೇಸ್ ರೆಕಾರ್ಡ್ ಮಾಡುವಾಗ ಜೊತೆಗಿದ್ದದ್ದು ಸಹಾಯಕ ಎಂಜಿನಿಯರ್ ಮಾತ್ರ. ಬ್ಯಾಂಡಿನ ಉಳಿದವರು ಇಲ್ಲ, ಪ್ರೊಡ್ಯೂಸರ್ ಇಲ್ಲ. ತನ್ನ ಪಾಡಿಗೆ ನುಡಿಸಿ ಮುಗಿಸಿದ. ಕೊನೆಯ ಮಿಕ್ಸ್ ಕೇಳಿದಾಗ ಅವನಿಗೆ ಎಷ್ಟು ಬೇಸರ ಆಗಿರಬೇಕು! ಪ್ರೊಡ್ಯೂಸರ್ ಫ್ಲೆಮಿಂಗ್ ರಾಸ್ಮುಸೆನ್ ಕೂಡ ಆ ಬೇಸ್ ಟ್ರ್ಯಾಕ್‌ಗಳು ಬಹಳ ಚೆನ್ನಾಗಿದ್ದವು ಅಂತಲೇ ಹೇಳಿದ್ದಾರೆ. ಅಂದರೆ ನುಡಿಸಿದ್ದು ಕೆಟ್ಟದಾಗಿತ್ತು ಅಂತ ಮುಚ್ಚಿದ್ದಲ್ಲ.

ಅನುಮಾನ ಇದ್ದವರು 1987ರ 'ಗರಾಜ್ ಡೇಸ್ ರೀ-ರಿವಿಸಿಟೆಡ್' ಕೇಳಿ. ಜೇಸನ್ ಈ ಬ್ಯಾಂಡಿನ ಜೊತೆ ಮಾಡಿದ ಮೊದಲ ರೆಕಾರ್ಡ್ ಅದು. ಅಲ್ಲಿ ಬೇಸ್ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಒಂದು ವರ್ಷದ ನಂತರ ಅದೇ ಮನುಷ್ಯ ಎಲ್ಲಿ ಹೋದ?

ಡಬಲ್ ಕಿಕ್

ಡ್ರಮ್ ನುಡಿಸುವವನಾಗಿ ಹೇಳುತ್ತೇನೆ. ನನಗೆ ಬೇಸ್‌ಗಿಂತ ಜಾಸ್ತಿ ತೊಂದರೆ ಕೊಟ್ಟದ್ದು ಆ ಕಿಕ್ಕಿನ 'ಟಿಕ್ ಟಿಕ್' ಸದ್ದು. ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಚ್ ಅಲ್ಲಿ ನುಡಿಸಿರುವುದು ಅವನ ಜೀವಮಾನದ ಕೆಲಸ, ವಿಶೇಷವಾಗಿ 'ಡೈಯರ್ಸ್ ಈವ್'. ಆದರೆ ಕಿಕ್ಕಿಗೆ ಹೊಟ್ಟೆಯೇ ಇಲ್ಲ. ರೀಮಾಸ್ಟರ್‌ನಲ್ಲಿ ಸ್ವಲ್ಪ ತಳ ಬಂದಿದೆ ಅನ್ನಿಸುತ್ತದೆ, ಸ್ವಲ್ಪವೇ.

ಮಿಕ್ಸಿಂಗ್ ಮೇಜು

ಡ್ರಮ್ಮಿನ ಮಾತು ಬಂದದ್ದು ಒಳ್ಳೆಯದಾಯಿತು. ಎರಡೂ ಒಂದೇ ಕಥೆ.

ಮಿಕ್ಸ್ ಮಾಡಿದವರು ಸ್ಟೀವ್ ಥಾಂಪ್ಸನ್ ಮತ್ತು ಮೈಕಲ್ ಬಾರ್ಬಿಯೆರೊ. ಥಾಂಪ್ಸನ್ ಆಮೇಲೆ ಹೇಳಿಕೊಂಡಂತೆ, ಡ್ರಮ್ ಹೇಗೆ ಕೇಳಿಸಬೇಕು ಅಂತ ಲಾರ್ಸ್ ಮೊದಲೇ ತೀರ್ಮಾನಿಸಿ ಬಂದಿದ್ದ. ಬೇಸ್ ಇಳಿಸಿ ಅಂದ. ಕೇಳಿಸಿಯೂ ಕೇಳಿಸದ ಹಾಗೆ ಇಳಿಸಿದರು. ಇನ್ನೂ ಐದಾರು ಡೆಸಿಬೆಲ್ ಇಳಿಸಿ ಅಂದ. 6 ಡೆಸಿಬೆಲ್ ಅಂದರೆ ಸಿಗ್ನಲ್ ಅರ್ಧಕ್ಕೆ ಬಂತು ಅಂತ ಅರ್ಥ. ಮೊದಲೇ ಸಣ್ಣದಾಗಿದ್ದದ್ದರ ಅರ್ಧ. ಇದು ಥಾಂಪ್ಸನ್ ಕಡೆಯ ಮಾತು, ಅದನ್ನು ಹಾಗೇ ತೆಗೆದುಕೊಳ್ಳಿ.

ಇನ್ನೊಂದು ಕಾರಣವನ್ನೂ ಮರೆಯಬಾರದು. ಅದು 1988ರ ಬೇಸಿಗೆ. ಮಿಕ್ಸಿಂಗ್ ನಡೆಯುವಾಗಲೇ ಬ್ಯಾಂಡ್ ಅಮೆರಿಕದ ಮಾನ್ಸ್ಟರ್ಸ್ ಆಫ್ ರಾಕ್ ಪ್ರವಾಸದಲ್ಲಿತ್ತು. ವ್ಯಾನ್ ಹೇಲನ್, ಸ್ಕಾರ್ಪಿಯನ್ಸ್ ಜೊತೆ ದೊಡ್ಡ ದೊಡ್ಡ ಮೈದಾನಗಳಲ್ಲಿ ಶೋ. ಅಲ್ಲಿ ನುಡಿಸಿ, ನ್ಯೂಯಾರ್ಕ್ ರಾಜ್ಯದ ಬೇರ್ಸ್‌ವಿಲ್ ಸ್ಟುಡಿಯೋಗೆ ಬಂದು ಮಿಕ್ಸ್ ಕೇಳಬೇಕಿತ್ತು. ಹಿಂದಿನ ದಿನ ವೇದಿಕೆ ಮೇಲೆ ನಿಂತು ಬಂದ ಕಿವಿಗೆ ಏನು ಸರಿಯಾಗಿ ಕೇಳಿಸುತ್ತದೆ? ನಾನೇ ಒಂದು ಸಣ್ಣ ಕಾರ್ಯಕ್ರಮದ ಮರುದಿನ ಮಾಡಿದ ಮಿಕ್ಸ್ ವಾರ ಬಿಟ್ಟು ಕೇಳಿ ಗಾಬರಿಯಾಗಿದ್ದೇನೆ. ತುದಿಯ ಧ್ವನಿ ಚುಚ್ಚುತ್ತಿತ್ತು. ಅವತ್ತು ಅದೇ ಸರಿ ಅನ್ನಿಸಿತ್ತು.

ಹೊಸ ಕಿವಿ

ನನಗೆ 22. ನಿಜ ಹೇಳಬೇಕು ಅಂದರೆ ನಾನು ಈ ಆಲ್ಬಮ್ ಮೊದಲು ಕೇಳಿದ್ದೇ ಅಭಿಮಾನಿಗಳು ಮಾಡಿದ ರೂಪದಲ್ಲಿ. 'ಅಂಡ್ ಜಸ್ಟಿಸ್ ಫಾರ್ ಜೇಸನ್' ಅಂತ ಹೆಸರಿಟ್ಟು ನೆಟ್‌ನಲ್ಲಿ ಹಾಕಿದ್ದರು. ಆಮೇಲೆ ಅಸಲಿ ಕೇಳಿದಾಗ ನನ್ನ ಒಂದು ಸ್ಪೀಕರ್ ಕೆಲಸ ಮಾಡುತ್ತಿಲ್ಲ ಅಂದುಕೊಂಡೆ.

ನನಗೆ ಬೇಸ್ ಇರುವ ರೂಪವೇ ಇಷ್ಟ. 'ದಿ ಶಾರ್ಟೆಸ್ಟ್ ಸ್ಟ್ರಾ' ಎದ್ದು ನಿಲ್ಲುತ್ತದೆ. ಅಭಿಮಾನಿಗಳಿಗೆ ಮನೆಯಲ್ಲಿ ಕೂತು ಮಾಡೋಕಾದದ್ದು ಮೂಲ ಟೇಪು ಕೈಯಲ್ಲಿರುವ ಬ್ಯಾಂಡಿಗೆ ಕಷ್ಟವಾ?

88ರ ಕಿವಿ

ತಮ್ಮಾ, ಅಭಿಮಾನಿಗಳ ರೂಪಗಳಲ್ಲಿ ಕೆಲವಕ್ಕೆ ಬೇಸ್ ಅನ್ನು ಬೇರೆಯವರೇ ಹೊಸದಾಗಿ ನುಡಿಸಿ ಸೇರಿಸಿದ್ದಾರೆ. ಇನ್ನು ಕೆಲವು 2009ರ 'ಗಿಟಾರ್ ಹೀರೋ: ಮೆಟಾಲಿಕಾ' ವಿಡಿಯೋ ಆಟದಿಂದ ಸಿಕ್ಕ ಬಿಡಿ ಟ್ರ್ಯಾಕ್‌ಗಳಿಂದ ಮಾಡಿದ್ದು. ನೀನು ಕೇಳಿದ್ದು ಯಾವುದು ಅಂತ ನೋಡಿಕೋ. ಜೇಸನ್‌ಗೆ ನ್ಯಾಯ ಅಂತ ಹೇಳಿ ಇನ್ಯಾರೋ ನುಡಿಸಿದ್ದನ್ನು ಕೇಳಿದರೆ ಅದೇನು ನ್ಯಾಯ?

ಹೊಸ ಕಿವಿ

ಅದು ನನಗೆ ಗೊತ್ತಿರಲಿಲ್ಲ ಅಣ್ಣಾ. ನೋಡಿದೆ. ನಾನು ಕೇಳುತ್ತಿದ್ದದ್ದು ಹೊಸದಾಗಿ ನುಡಿಸಿದ್ದೇ. ಈಗ ಒಂಥರಾ ಆಗುತ್ತಿದೆ.

ಹಳೇ ರೀಲು

ಹಳೆಯ ಆಲ್ಬಮ್ ಮುಟ್ಟೋಕೆ ಹೋದರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ಬೇಕಾದಷ್ಟಿವೆ. ಮೂರು ಹೇಳುತ್ತೇನೆ.

2002ರಲ್ಲಿ ಗಾಯಕ ಓಝಿ ಆಸ್ಬೋರ್ನ್‌ನ 'ಬ್ಲಿಝಾರ್ಡ್ ಆಫ್ ಓಝ್' ಮತ್ತು 'ಡೈರಿ ಆಫ್ ಎ ಮ್ಯಾಡ್‌ಮ್ಯಾನ್' ಮರುಬಿಡುಗಡೆಯಾದವು. ಮೂಲದಲ್ಲಿ ಬೇಸ್ ಬಾಬ್ ಡೇಯ್ಸ್ಲಿ, ಡ್ರಮ್ ಲೀ ಕರ್ಸ್ಲೇಕ್. ಅವರ ಜೊತೆ ಹಣದ ವಿಷಯಕ್ಕೆ ಜಗಳ ಇತ್ತು. ಇಬ್ಬರ ನುಡಿಸಾಣಿಕೆಯನ್ನೂ ತೆಗೆದುಹಾಕಿ, ಬೇರೆಯವರ ಹತ್ತಿರ ನುಡಿಸಿ ಅಂಟಿಸಿದರು. ರ್‍ಯಾಂಡಿ ರೋಡ್ಸ್‌ನ ಗಿಟಾರ್ ಮಾತ್ರ ಹಳೆಯದು, ಅವನ ಜೊತೆ ಕೋಣೆಯಲ್ಲಿ ಇದ್ದವರೇ ಇಲ್ಲ. ಅಭಿಮಾನಿಗಳು ಸಿಟ್ಟಾದರು. 2011ರಲ್ಲಿ ಮೂಲ ಟ್ರ್ಯಾಕ್‌ಗಳನ್ನು ವಾಪಸ್ ತಂದರು. 2002ರಲ್ಲಿ ಹೊಸ ಬೇಸ್ ನುಡಿಸಿದ್ದು ಯಾರು ಗೊತ್ತಾ? ರಾಬರ್ಟ್ ಟ್ರುಹಿಯೊ. 2003ರಿಂದ ಮೆಟಾಲಿಕಾದ ಬೇಸ್ ಅವನದೇ. ಕರೆದರು, ನುಡಿಸಿದ, ಅವನನ್ನು ದೂರುವುದಿಲ್ಲ. ಆದರೆ ಒಬ್ಬ ಬೇಸ್‌ನವನನ್ನು ಅಳಿಸೋದು ಎಂಥ ತಪ್ಪು ಅಂತ ಆಗ ಎಲ್ಲರಿಗೂ ಗೊತ್ತಾಯಿತು.

ಎರಡನೆಯದು ಮೆಗಾಡೆತ್ ಬ್ಯಾಂಡ್. 2004ರಲ್ಲಿ ಅದರ ಗಾಯಕ ಡೇವ್ ಮಸ್ಟೇನ್ ಹಳೆಯ ಆಲ್ಬಮ್‌ಗಳನ್ನು ರೀಮಿಕ್ಸ್ ಮಾಡಿದ. 'ರಸ್ಟ್ ಇನ್ ಪೀಸ್' ಆಲ್ಬಮ್‌ನ ಕೆಲವು ಹಾಡುಗಳ ಮೂಲ ಗಾಯನ ಸಿಗದೆ ಮತ್ತೆ ಹಾಡಿ ಸೇರಿಸಿದ. 1990ರ ಗಿಟಾರಿನ ಮೇಲೆ 2004ರ ಗಂಟಲು. ಹಳೆಯದನ್ನು ಬಾಯಿಪಾಠ ಮಾಡಿಕೊಂಡವರಿಗೆ ತಕ್ಷಣ ಎಡವಿದ ಹಾಗೆ ಆಗುತ್ತದೆ.

ಮೂರನೆಯದು ಒಳ್ಳೆಯದು. ರಷ್ ಬ್ಯಾಂಡಿನ 'ವೇಪರ್ ಟ್ರೇಲ್ಸ್'. 2002ರಲ್ಲಿ ಬಂದಾಗ ಧ್ವನಿ ಕಿವಿ ಒಡೆಯುವಷ್ಟು ಒತ್ತಿತ್ತು. ಬ್ಯಾಂಡಿಗೇ ಸಮಾಧಾನ ಇರಲಿಲ್ಲ. 2013ರಲ್ಲಿ ಡೇವಿಡ್ ಬಾಟ್ರಿಲ್ ಹತ್ತಿರ ಪೂರ್ತಿ ರೀಮಿಕ್ಸ್ ಮಾಡಿಸಿ, ಹೆಸರಿನಲ್ಲೇ 'ರೀಮಿಕ್ಸ್ಡ್' ಅಂತ ಬರೆದು ಹೊರತಂದರು. ಏನನ್ನೂ ಬಚ್ಚಿಡಲಿಲ್ಲ. 'ಅರ್ಥ್‌ಶೈನ್' ಹಾಡಿಗೆ ಉಸಿರು ಬಂತು.

ನಾಲ್ಕು ತಂತಿಯವರು ಕೇಳುತ್ತಿರುವುದು ಈ ಮೂರನೆಯ ದಾರಿ ಅಂತ ನನಗೆ ಅನ್ನಿಸುತ್ತದೆ. ಅದಕ್ಕೆ ನನ್ನ ಒಪ್ಪಿಗೆ ಇದೆ.

ನಾಲ್ಕು ತಂತಿ

ಹೌದು, ಅದೇ. ನನಗಿಂತ ಚೆನ್ನಾಗಿ ಹೇಳಿದಿರಿ.

ಡಬಲ್ ಕಿಕ್

ಆದರೆ ಬ್ಯಾಂಡಿಗೆ ಇಷ್ಟ ಇಲ್ಲ ಅನ್ನೋದೂ ಮುಖ್ಯ ಅಲ್ವಾ? ರಷ್‌ನವರಿಗೆ ತಮ್ಮ ಆಲ್ಬಮ್ ಸರಿಯಿಲ್ಲ ಅಂತ ಅನ್ನಿಸಿತ್ತು. ಹೆಟ್‌ಫೀಲ್ಡ್ ಹಾಗೆ ಹೇಳಿಲ್ಲ. ಜಸ್ಟಿಸ್‌ಗೆ ತಳದ ಧ್ವನಿ ಸ್ವಲ್ಪ ಜಾಸ್ತಿ ಬೇಕಿತ್ತು, 'ಸೇಂಟ್ ಆಂಗರ್' ಆಲ್ಬಮ್‌ನ ಸ್ನೇರ್ ಡ್ರಮ್ಮಿನ ಡಬ್ಬಿ ಸದ್ದು ಕಡಿಮೆ ಆಗಬೇಕಿತ್ತು ಅಂತ ಒಪ್ಪಿಕೊಂಡಿದ್ದಾನೆ. ಆದರೆ ಅವೇ ಆ ಆಲ್ಬಮ್‌ಗಳನ್ನು ತಮ್ಮ ಇತಿಹಾಸದ ಭಾಗ ಮಾಡಿರುವುದು, ತಿದ್ದೋದು ಬೇಡ ಅನ್ನೋದು ಅವನ ನಿಲುವು. ಮಾಡಿದವರೇ ಬೇಡ ಅಂದಾಗ ನಾವು ಎಷ್ಟು ಒತ್ತಾಯ ಮಾಡೋಣ?

ನಾಲ್ಕು ತಂತಿ

ಮಾಡಿದವರು ನಾಲ್ಕು ಜನ. ಬೇಡ ಅಂತ ಹೇಳುತ್ತಿರುವವರ ಗಿಟಾರ್ ಮತ್ತು ಡ್ರಮ್ ಎರಡೂ ಚೆನ್ನಾಗಿ ಕೇಳಿಸುತ್ತಿವೆ. ನಾಲ್ಕನೆಯವನು 2001ರಲ್ಲೇ ಬ್ಯಾಂಡ್ ಬಿಟ್ಟ. 14 ವರ್ಷ ಅವರ ಜೊತೆ ದುಡಿದು ಹೋದ. ಈ ಆಲ್ಬಮ್‌ನಲ್ಲಿ ಅವನ ಹೆಸರು ಹಾಡು ಬರೆದವರ ಪಟ್ಟಿಯಲ್ಲಿ ಇರೋದು 'ಬ್ಲ್ಯಾಕನ್ಡ್' ಒಂದಕ್ಕೆ. ಆ ಒಂದರಲ್ಲೂ ಅವನು ಕೇಳಿಸೋದಿಲ್ಲ.

ಜೇಸನ್ ಈಗ ಇದನ್ನು ಹಿಡಿದುಕೊಂಡು ಕೂತಿಲ್ಲ, ಅದು ನನಗೂ ಗೊತ್ತು. 2009ರಲ್ಲಿ ಮೆಟಾಲಿಕಾವನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ ಬಂದು ಟ್ರುಹಿಯೊ ಜೊತೆಗೇ ನಿಂತು ನುಡಿಸಿದ. ಎರಡು ಬೇಸ್, ಒಂದೇ ವೇದಿಕೆ. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಅವನು ಮರೆತಿರಬಹುದು. ನನಗೆ ಮರೆಯೋಕೆ ಆಗುತ್ತಿಲ್ಲ.

ಎಲ್‌ಪಿ ಪ್ರೇಮಿ

ಬೇಸ್ ಬಿಟ್ಟು ಬೇರೆ ಮಾತೂ ಆಡೋಣ. ಎಲ್‌ಪಿಯಲ್ಲಿ ಕೇಳಿದವರು ಯಾರಿದ್ದೀರಿ? 65 ನಿಮಿಷದ ಆಲ್ಬಮ್. 1988ರಲ್ಲೂ ಎರಡು ಎಲ್‌ಪಿಯಾಗಿಯೇ ಬಂದಿತ್ತು. ಈಗಲೂ ಹಾಗೇ ಇದೆ. ಒಂದು ಬದಿಗೆ ಕಡಿಮೆ ಹಾಡು ಇರುವುದರಿಂದ ಗೀರು ಚೆನ್ನಾಗಿ ಕೊರೆಯಲು ಜಾಗ ಸಿಗುತ್ತದೆ. ಸಿಡಿಗಿಂತ ಎಲ್‌ಪಿಯಲ್ಲಿ ಗಿಟಾರಿನ ತುದಿ ಕಡಿಮೆ ಚುಚ್ಚುತ್ತದೆ ಅನ್ನೋದು ನನ್ನ ಕಿವಿಯ ಮಾತು.

ನನಗೆ ಬಂದ ಎರಡನೇ ತಟ್ಟೆ ಸೊಟ್ಟಗಾಗಿತ್ತು. ಸೂಜಿ ದೋಣಿಯ ಹಾಗೆ ಏಳುತ್ತಾ ಬೀಳುತ್ತಾ ಹೋಗುತ್ತಿತ್ತು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. 'ಟು ಲಿವ್ ಈಸ್ ಟು ಡೈ' ನಡುವಿನ ಆ ಮೆಲ್ಲನೆಯ ಗಿಟಾರ್ ಅಲೆಯಾಡಿದಾಗ ತುಂಬಾ ಬೇಜಾರಾಯಿತು. ಕೊಂಡ ತಕ್ಷಣ ಎಲ್ಲ ಬದಿಗಳನ್ನೂ ಹಾಕಿ ನೋಡಿ. ನಾನು ತಡಮಾಡಿದ್ದೆ.

ಮಿಕ್ಸಿಂಗ್ ಮೇಜು

ಅಯ್ಯೋ, ಅದು ಬೇಸರದ ವಿಷಯ. ಎರಡು ದಪ್ಪ ಗಾಜಿನ ನಡುವೆ ಇಟ್ಟು ಬಿಸಿ ಮಾಡಿ ಸರಿಮಾಡುವ ಪ್ರಯತ್ನ ಬೇಡ, ಬಿಸಿ ಹೆಚ್ಚಾದರೆ ಗೀರುಗಳೇ ಹಾಳಾಗುತ್ತವೆ.

ಧ್ವನಿಯ ಮಟ್ಟದ ಬಗ್ಗೆ ಒಂದು ಮಾತು. ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್' ನೆನಪಿದೆಯಲ್ವಾ? ಎಲ್ಲವನ್ನೂ ಒತ್ತಿ ಒತ್ತಿ ಡ್ರಮ್ಮಿನ ಧ್ವನಿಯೇ ಒಡೆದುಹೋಗಿತ್ತು. ಅದೇ ಆಲ್ಬಮ್ ಗಿಟಾರ್ ಹೀರೋ ಆಟದಲ್ಲಿ ಹೆಚ್ಚು ಸ್ವಚ್ಛವಾಗಿ ಕೇಳಿಸಿ ಜನ ರೇಗಿದ್ದರು. ಈ ರೀಮಾಸ್ಟರ್ ಕೂಡ ಹಾಗೇ ಆಗುತ್ತದೆ ಅಂತ ನನಗೆ ಭಯ ಇತ್ತು. ಆಗಿಲ್ಲ. ಹಳೆಯ ಸಿಡಿಗಿಂತ ಜೋರಾಗಿದೆ, ಆದರೆ ಉಸಿರು ಕಟ್ಟಿಲ್ಲ. 'ಒನ್' ಶುರುವಿನ ಸ್ವಚ್ಛ ಗಿಟಾರ್ ಈಗಲೂ ಸಣ್ಣದಾಗಿಯೇ ಬರುತ್ತದೆ. ಅಷ್ಟರ ಮಟ್ಟಿಗೆ ಮೆಚ್ಚುತ್ತೇನೆ.

88ರ ಕಿವಿ

ಪೆಟ್ಟಿಗೆಯೊಳಗಿನ ಲೈವ್ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಇಡೀ ಪೆಟ್ಟಿಗೆಯಲ್ಲಿ ಇಷ್ಟವಾದದ್ದು ಅದೇ.

ಆ ಪ್ರವಾಸದ ವೇದಿಕೆ ನೆನಪಿದೆಯಾ? ಮುಖಪುಟದ ನ್ಯಾಯದೇವತೆಯ ದೊಡ್ಡ ಪ್ರತಿಮೆ, ಕೊನೆಗೆ ಅದು ಒಡೆದು ಬೀಳುತ್ತಿತ್ತು. 1989ರ ಆಗಸ್ಟ್‌ನ ಸಿಯಾಟಲ್ ಶೋ ವಿಡಿಯೋ ಹಳಬರು ನೋಡಿಯೇ ಇರುತ್ತೀರಿ. 'ಬ್ಲ್ಯಾಕನ್ಡ್' ಹಾಡಿನಿಂದಲೇ ಶುರು. ಇವತ್ತು ನಾಲ್ಕು ತಂತಿಯವರ ಮಾತು ಮನಸ್ಸಿನಲ್ಲಿಟ್ಟುಕೊಂಡು, ಬೇಸ್ ಮಾತ್ರ ಹಿಡಿದುಕೊಂಡು ಅದನ್ನು ಮತ್ತೆ ಕೇಳಿದೆ.

ಕೇಳಿಸುತ್ತದೆ. ಸ್ಪಷ್ಟವಾಗಿ ಕೇಳಿಸುತ್ತದೆ. ಗಿಟಾರಿನ ಕೆಳಗೆ ನೆಲ ಇದ್ದ ಹಾಗೆ. ಪಿಕ್ ತಂತಿಗೆ ಬಡಿಯುವ ಸದ್ದೂ ಇದೆ. ಜೊತೆಗೆ ಜೇಸನ್ ಗಂಟಲು ಹರಿದುಕೊಂಡು ಕೂಗುತ್ತಿದ್ದಾನೆ. ಇಷ್ಟು ವರ್ಷ ಆ ಶೋ ನೋಡುವಾಗ ನಾನು ಹೆಟ್‌ಫೀಲ್ಡ್‌ನನ್ನೇ ನೋಡುತ್ತಿದ್ದೆ.

ಸ್ಟುಡಿಯೋ ಆಲ್ಬಮ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದರ ತಣ್ಣಗಿನ ಧ್ವನಿ ನನಗೆ ಬೇಕು. ಆದರೆ ಪಕ್ಕದಲ್ಲಿ ಇನ್ನೊಂದು ಸಿಡಿ ಇದ್ದರೆ ನಾನೂ ಕೇಳುತ್ತೇನೆ, ಅಷ್ಟು ಒಪ್ಪುತ್ತೇನೆ.

ನಾಲ್ಕು ತಂತಿ

ಸರ್, ನನಗೆ ಅಷ್ಟೇ ಸಾಕು.

ನಾನು 'ಬ್ಲ್ಯಾಕನ್ಡ್' ಕಲಿತದ್ದೂ ಲೈವ್ ಟೇಪಿನಿಂದಲೇ. ಯಾರೋ ನಕಲು ಮಾಡಿ ಕೊಟ್ಟಿದ್ದರು, ಧ್ವನಿ ಗೊಗ್ಗರಾಗಿತ್ತು, ಆದರೆ ಬೇಸ್ ಇತ್ತು. ರಿಫ್ ಮಧ್ಯದಲ್ಲಿ ಲಯ ಒಂದು ಎಣಿಕೆ ತಪ್ಪಿದ ಹಾಗೆ ತಿರುಗುತ್ತದಲ್ಲ, ಅಲ್ಲಿ ಜೇಸನ್ ಹೇಗೆ ಗಟ್ಟಿಯಾಗಿ ನಿಲ್ಲುತ್ತಾನೆ ಅಂತ ಅದರಲ್ಲೇ ಗೊತ್ತಾದದ್ದು.

ಹೊಸ ಕಿವಿ

ಅಣ್ಣಾ, ಸಿಯಾಟಲ್ ಶೋ ಈಗಷ್ಟೇ ಹಾಕಿದೆ. ಹೆಡ್‌ಫೋನ್‌ನಲ್ಲಿ ಕೇಳಲಾ, ಸ್ಪೀಕರ್‌ನಲ್ಲಾ?

88ರ ಕಿವಿ

ಮೊದಲು ಸ್ಪೀಕರ್, ಸ್ವಲ್ಪ ಜೋರಾಗಿ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಬೇಸ್ ಒಂದನ್ನೇ ಹಿಂಬಾಲಿಸು.